ಸವಾಕೊ ಕಂಡ ಓಲಾಟ

ಕಮಿಯೊಕದ ಬೆಟ್ಟದ ಹೊಟ್ಟೆಯಲ್ಲಿ ಸತು ಅಗೆಯುತ್ತಿದ್ದ ಕಾಲಕ್ಕೆ ಹೊರಗುಚಿ ಸವಾಕೊಳ ಅಪ್ಪ ಅಲ್ಲಿ ಬಂಡೆ ಸಿಡಿಸುತ್ತಿದ್ದ. ಗಣಿ ಮುಚ್ಚಿತು. ಈಗ ಅದೇ ಬೆಟ್ಟದೊಳಗೆ ಉದ್ದನೆಯ ಸುರಂಗಗಳಿವೆ, ಅವುಗಳ ತುದಿಯಲ್ಲಿ ತೂಗುಬಿಟ್ಟ ಕನ್ನಡಿಗಳಿವೆ. ಎಲ್ಲೋ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತಿ ಸುತ್ತಿ ಒಂದಾದರೆ ಗುರುತ್ವದ ಅಲೆ ಏಳುತ್ತದೆ, ಕನ್ನಡಿಗಳು ಅಲುಗಿದವೋ ಇಲ್ಲವೋ ಅನ್ನುವಷ್ಟು ಅಲುಗುತ್ತವೆ. ಇಂಥ ಕನ್ನಡಿಗಳು ಬೇರೆ ದೇಶಗಳಲ್ಲೂ ಇವೆ. ಅವೆಲ್ಲದರ ಅಲುಗಾಟವನ್ನೂ ಒಟ್ಟಿಗೆ ಇಟ್ಟುಕೊಂಡು ಓದುವುದು ಸವಾಕೊಳ ಕೆಲಸ. ಅಪ್ಪನನ್ನು ಬಿಟ್ಟ ಗಣಿ ಮಗಳನ್ನು ಬಿಡಲಿಲ್ಲ ಎಂದು ಊರವರು ನಗುತ್ತಾರೆ.

ಆಕೆ ಹುಡುಕುತ್ತಿದ್ದುದು ಓಲಾಟವನ್ನು. ಕಪ್ಪುಕುಳಿ ತಾನೂ ಬುಗುರಿಯ ಹಾಗೆ ತಿರುಗುತ್ತದೆ. ವಾಲಿಕೊಂಡು ತಿರುಗಿದರೆ ಎರಡೂ ಸುತ್ತುವ ದಾರಿಯೇ ಓಲಾಡತೊಡಗಿ, ಅಲೆ ಒಮ್ಮೆ ಏರಿ ಒಮ್ಮೆ ತಗ್ಗುತ್ತದೆ. ಇಲ್ಲಿಯವರ ಬಾಯಲ್ಲಿ ಇದಕ್ಕೆ ‘ಅರೆಗೋಲಿನ ಕುಣಿತ’ ಎಂಬ ಅಡುಗೆಮನೆಯ ಹೆಸರೇ ಇದೆ. ಎಳ್ಳು ಅರೆಯುವಾಗ ಕೋಲಿನ ಬುಡ ಬಟ್ಟಲಲ್ಲೇ ಇದ್ದು ತಲೆ ಮಾತ್ರ ಸುತ್ತು ಹಾಕುತ್ತದಲ್ಲ, ಅದು.

“ಅಷ್ಟೇನಾ? ಅದನ್ನ ನೋಡೋಕೆ ಬೆಟ್ಟದೊಳಗೆ ಹೋಗ್ಬೇಕಿತ್ತೇನೇ? ಒಲೆ ಹತ್ರ ಬಂದಿದ್ರೆ ನಾನೇ ತೋರಿಸ್ತಿದ್ದೆ” ಎಂದು ತಾಯಿ ತೊಮಿ ಹೇಳಿದ್ದಿದೆ.

ಆ ವಸಂತದಲ್ಲಿ ಜೋರಾದ ಅಲೆಯೊಂದು ಸಿಕ್ಕಿತು. ಎಲ್ಲರೂ ಕುಣಿದಾಡಿದರು. ಸವಾಕೊ ಅದರಲ್ಲಿ ಓಲಾಟವಿದೆ ಎಂದಳು. ಬೇರೆ ಯಾರಿಗೂ ಅದು ಕಾಣಲಿಲ್ಲ. ಅವಳ ಲೆಕ್ಕದ ಬಗೆ ಅವಳದೇ, ಇಪ್ಪತ್ತು ವರ್ಷ ಕೂತು ಕಟ್ಟಿದ್ದು. ಯಂತ್ರದ ಗದ್ದಲವನ್ನೇ ಓಲಾಟ ಅಂದುಕೊಂಡಿದ್ದಾಳೆ ಎಂದರು ಉಳಿದವರು. ಐವತ್ತು ದಾಟಿದ ಹೆಂಗಸು ಹಟ ಹಿಡಿದರೆ ಮಾತಾಡಿಕೊಳ್ಳುವವರಿಗೇನು ಕಡಿಮೆಯೇ?

ಎದುರು ಮೇಜಿನ ನೊಗಾಮಿ ಮಧ್ಯಾಹ್ನ ಊಟಕ್ಕೆ ಕೂತಾಗಲೆಲ್ಲ ಕೆಣಕುತ್ತಿದ್ದ.

“ಹೊರಗುಚಿ ಸಾನ್, ಓಲಾಡ್ತಿರೋದು ಆಕಾಶದಲ್ಲೋ, ನಿಮ್ಮ ಕನ್ನಡಕದಲ್ಲೋ?”

“ನಿಮ್ಮ ತಲೇಲಿ. ರಾತ್ರಿ ಕುಡಿಯೋ ಸಾಕೆ ಕಮ್ಮಿ ಮಾಡಿ, ನೊಗಾಮಿ ಸಾನ್.”

“ತಪ್ಪಾಗಿದ್ರೆ?”

“ತಪ್ಪಾಗಿದ್ರೆ ಇಷ್ಟು ವರ್ಷ ನಾನು ಓದಿದ್ದೆಲ್ಲಾ ಬರೀ ಗದ್ದಲ. ಮುಂದೆ ಓದೋಕೆ ಯಾವ ಮುಖ ಇಟ್ಕೊಂಡು ಬರ್ಲಿ?”

ನೊಗಾಮಿ ತನ್ನ ಕೆಂಪು ಗಡ್ಡೆಯ ಉಪ್ಪಿನಕಾಯಿಯ ಡಬ್ಬಿಯನ್ನು ಅವಳ ಕಡೆ ಸರಿಸಿದ.

ಈ ಕಸುಬಿನಲ್ಲಿ ಒಂದು ವಿಚಿತ್ರ ಪದ್ಧತಿಯಿದೆ. ಓದುವವರು ತೂಕಡಿಸುತ್ತಿಲ್ಲ ತಾನೇ ಎಂದು ನೋಡಲು ಒಮ್ಮೊಮ್ಮೆ ಇಬ್ಬರು ಮೂವರು ಗುಟ್ಟಾಗಿ ಸೇರಿ, ಎಲ್ಲ ದೇಶದ ಕನ್ನಡಿಗಳನ್ನೂ ಬೇಕೆಂದೇ ಅಲುಗಿಸಿ, ಸುಳ್ಳು ಅಲೆಯೊಂದನ್ನು ಸೇರಿಸಿಬಿಡುತ್ತಾರೆ. ಹೀಗಾಗಬಹುದೆಂದು ಎಲ್ಲರಿಗೂ ಗೊತ್ತು. ಯಾವಾಗ, ಮಾಡಿದವರು ಯಾರು ಎಂಬುದು ಮಾತ್ರ ಸಿಕ್ಕ ಅಲೆಯ ಬಗ್ಗೆ ಎಲ್ಲರೂ ಸೇರಿ ಬರೆಯುವ ಬರಹ ಮುಗಿಯುವವರೆಗೂ ಹೊರಬೀಳುವುದಿಲ್ಲ.

ಶರತ್ಕಾಲಕ್ಕೆ ಬರಹ ಮುಗಿಯಿತು. ಸವಾಕೊಳ ಮಾತು ಅದರ ತಳದಲ್ಲಿ ಸಣ್ಣ ಅಕ್ಷರದ ಟಿಪ್ಪಣಿಯಾಗಿ ಉಳಿದಿತ್ತು. ಸಭೆ ಸೇರಿತು. ನೊಗಾಮಿ ಎದ್ದು ನಿಂತು ಸೊಂಟ ಬಗ್ಗಿಸಿ ನಮಸ್ಕರಿಸಿದ.

“ಕ್ಷಮಿಸ್ಬೇಕು. ಆ ಅಲೆ ಆಕಾಶದಿಂದ ಬಂದಿದ್ದಲ್ಲ. ಹಾಕಿದ್ದು ನಾವು.”

ಯಾರೋ ಪೆನ್ನನ್ನು ಮೇಜಿನ ಮೇಲೆ ಎಸೆದರು. ಸವಾಕೊ ಕೇಳಿದಳು.

“ಹಾಕೋವಾಗ ಕುಳಿಗಳನ್ನ ವಾಲಿಸಿದ್ರಾ?”

“ವಾಲಿಸಿದ್ವಿ” ಎಂದ ನೊಗಾಮಿ. “ನೀವು ಹೇಳಿದ ಕೋನ ಇದೆಯಲ್ಲ, ಹೆಚ್ಚುಕಮ್ಮಿ ಅಷ್ಟೇ.”

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು, ಎರಡರ ನಡುವೆ ಅಳು ನುಗ್ಗಿತು.

“ಇಷ್ಟು ದಿನ ಗೊತ್ತಿದ್ದೂ ಎದುರಿಗೇ ಕೂತು ನನ್ನನ್ನ ಆಡಿಕೊಂಡ್ರಲ್ರೀ!”

“ಆಡಿಕೊಳ್ದೇ ಇದ್ದಿದ್ರೆ ಬಾಯಿಬಿಟ್ಟುಬಿಡ್ತಿದ್ದೆ.”

ಮನೆಗೆ ಬಂದವಳ ಕೆಂಪಾದ ಕಣ್ಣು ನೋಡಿ ತೊಮಿ ಗಾಬರಿಯಾದಳು. ಅಲೆ ಸುಳ್ಳಂತೆ, ಓಲಾಟ ಮಾತ್ರ ತಾನು ಹೇಳಿದಂತೆಯೇ ಇತ್ತಂತೆ ಎಂದು ಸವಾಕೊ ಹೇಳಿದಳು.

“ಅಯ್ಯೋ ನನ್ನ ಕಂದಾ, ಸುಳ್ಳಿಗೋಸ್ಕರ ಇಷ್ಟು ಒದ್ದಾಡಿದ್ಯಾ!” ಎಂದು ತಾಯಿ ಅವಳ ಬೆನ್ನು ಸವರಿದಳು.

“ಸುಳ್ಳಾಗಿದ್ದೇ ಒಳ್ಳೇದಾಯ್ತಮ್ಮ” ಎಂದಳು ಸವಾಕೊ. “ನಿಜವಾಗಿದ್ದಿದ್ರೆ, ನಾನು ಸರಿ ಅಂತ ನನಗೆ ಹೇಳೋಕೆ ಯಾರೂ ಇರ್ತಿರ್ಲಿಲ್ಲ.”