ನೆರಿಗೆಯೊಳಗಿನ ಕರೆ

ಕೇರಳದ ಗಡಿಯೊಳಗಿನ ನಾಯ್ಮಾರ್ಮೂಲೆ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಕಲಿಸಲು ನನಗೆ ದಿನಗೂಲಿಯ ಕೆಲಸ ಸಿಕ್ಕಿದಾಗ ಮನೆಯವರಿಗೆಲ್ಲ ಸಂತೋಷವಾಯಿತು. ನನಗೆ ಮಾತ್ರ ಹೆದರಿಕೆ ಹಿಡಿಯಿತು. ಪಾಠದ ಹೆದರಿಕೆಯಲ್ಲ, ಸೀರೆಯದ್ದು. ಆಗೆಲ್ಲ ಟೀಚರ್ ಎಂದರೆ ಸೀರೆಯನ್ನೇ ಉಡಬೇಕಿತ್ತು. ನನ್ನ ಹತ್ತಿರ ಇದ್ದದ್ದು ಬಿ.ಎಡ್. ಕಾಲೇಜಿನ ಯೂನಿಫಾರ್ಮ್ ಸೀರೆ ಒಂದೇ. ಅದನ್ನು ಉಟ್ಟರೆ ಟ್ರೈನಿಂಗಿಗೆ ಬಂದ ಹುಡುಗಿ ಎಂದು ದೂರದಿಂದಲೇ ಗೊತ್ತಾಗುತ್ತಿತ್ತು.

ಅಪ್ಪನ ಕೆಲಸ ಹೋಗಿತ್ತು. ಮನೆಯಲ್ಲಿ ದುಡಿಮೆ ಎಂದು ಇನ್ನು ಇದ್ದದ್ದು ನನ್ನದೇ. ಹೊಸಂಗಡಿಯ ಅಂಗಡಿಯಲ್ಲಿ ಅಮ್ಮ ಅರ್ಧ ದಿನ ಕೂತು, ಅಂಗಡಿಯವನ ತಾಳ್ಮೆ ಮುಗಿಯುವವರೆಗೆ ಸೀರೆ ಬಿಡಿಸಿ ನೋಡಿ, ಕೊನೆಗೆ ಒಂದು ನೀಲಿ ಪಾಲಿಸ್ಟರ್ ಸೀರೆ ಆರಿಸಿದಳು. ಸಂಜೆ ಹಿಂಡಿ ಹಾಕಿದರೆ ಮಳೆಗಾಲದಲ್ಲೂ ಬೆಳಿಗ್ಗೆಗೆ ಒಣಗುತ್ತಿತ್ತು. ಎಲ್ಲದಕ್ಕೂ ಹೊಂದಲಿ ಎಂದು ಕಪ್ಪು ರವಿಕೆ ಹೊಲಿಸಿದೆವು. ಮೂರನೆಯದನ್ನು ಕೊಟ್ಟದ್ದು ಮಾವ್ಶಿ, ಅಮ್ಮನ ತಂಗಿ. ಕೆನೆಬಣ್ಣದ ಹತ್ತಿ ಸೀರೆ, ಕೆಂಗಂದು ಬಣ್ಣದ ಅಗಲ ಅಂಚು. ಇಷ್ಟು ಒಳ್ಳೆಯ ಸೀರೆಯನ್ನು ಯಾಕೆ ಕೊಟ್ಟಳು ಎಂಬುದು ಬಿಡಿಸಿದ ಮೇಲೆ ತಿಳಿಯಿತು. ಮಾತೆಯ ಹಬ್ಬವಾದ ಮೊಂತಿ ಫೆಸ್ತಿನ ದಿನ ಪೂಜೆ ಮುಗಿಸಿ ಇಗರ್ಜಿಯಿಂದ, ಅಂದರೆ ಚರ್ಚಿನಿಂದ, ಬಂದವಳು ಸೀರೆ ಬದಲಿಸದೆ ಬಾಳೆಕಾಯಿ ಹೆಚ್ಚಲು ಕೂತಿದ್ದಳಂತೆ. ಅಂಗೈಯಗಲದ ಕಂದು ಕರೆ. ನಮ್ಮ ಊರಿನ ಕನ್ನಡದಲ್ಲಿ ಕಲೆಗೆ ಕರೆ ಎನ್ನುತ್ತಾರೆ, ಮತ್ತು ಬಾಳೆಕಾಯಿಯ ಕರೆ ಬಟ್ಟೆ ಹರಿದರೂ ಹೋಗುವುದಿಲ್ಲ.

ಅಮ್ಮ ಸೋಲುವವಳಲ್ಲ. ಕರೆ ಎರಡನೆಯ ನೆರಿಗೆಯೊಳಗೆ ಅಡಗುವಂತೆ ಮಡಿಸಿ ಪಿನ್ನು ಚುಚ್ಚಿದಳು. ಬಿರುಸಾಗಿ ನಡೆಯಬೇಡ, ಗಾಳಿಗೆ ಎದುರು ನಿಲ್ಲಬೇಡ ಎಂದು ಕೊಂಕಣಿಯಲ್ಲಿ ಎಚ್ಚರಿಸಿದಳು.

ಹೆಡ್‌ಮಿಸ್ಟ್ರೆಸ್ ತೆಂಕಣ ಕೇರಳದವರು, ಮಾತೆಲ್ಲ ಮಲಯಾಳದಲ್ಲಿ. ನನ್ನ ಮಲಯಾಳ ಬಸ್ಸಿನಲ್ಲಿ ಟಿಕೇಟು ಕೇಳುವಷ್ಟರದ್ದು. ಕನ್ನಡ ವಿಭಾಗದ ಹಿರಿಯ ಟೀಚರೊಬ್ಬರು ಮೊದಲ ವಾರವೇ ನನ್ನ ಕಿವಿಯಲ್ಲಿ ಹೇಳಿದರು: "ಅವರು ಮೊದ್ಲು ನೋಡುದು ಸೀರೆ, ಮತ್ತೆ ಮುಖ. ಓಣಂ ರಜೆ ಕಳ್ದ ಮೇಲೆ ನಿಮ್ಮನ್ನು ಇಟ್ಕೊಳ್ಳುದಾ ಬೇಡ್ವಾ ಹೇಳುದು ಸಹ ಅವರೇ. ಜಾಗ್ರತೆ ಮಾರಾಯ್ತಿ."

ಅಂದಿನಿಂದ ನನಗೆ ನೆಮ್ಮದಿ ಇಲ್ಲ. ಹತ್ತಿ ಸೀರೆಯ ದಿನ ಬಸ್ಸಿನ ಮೆಟ್ಟಿಲು ಹತ್ತುವಾಗ ಒಂದು ಕೈ ನೆರಿಗೆಯ ಮೇಲೇ ಇರುತ್ತಿತ್ತು. ಬೋರ್ಡಿನ ಮೇಲ್ತುದಿಗೆ ಕೈ ಎತ್ತಿದರೆ ನೆರಿಗೆ ಬಿಚ್ಚೀತೆಂದು ಕೆಳಗಿನ ಅರ್ಧದಲ್ಲೇ ಬರೆಯುತ್ತಿದ್ದೆ. ಪುಸ್ತಕವನ್ನು ಹೊಕ್ಕುಳಿಗೆ ಒತ್ತಿ ಹಿಡಿದೇ ಪಾಠ ಮಾಡುತ್ತಿದ್ದೆ. ಒಬ್ಬಳು ಹುಡುಗಿ ಕನಿಕರದಿಂದ ಕೇಳಿದಳು, "ಟೀಚರ್, ನಿಮಗೆ ಹೊಟ್ಟೆನೋವು ಉಂಟಾ?" ಸಂಜೆಯ ಜಪಸರದಲ್ಲಿ ನಾನು ಮಾತೆಯನ್ನು ಬೇಡಿಕೊಂಡದ್ದೂ ಆ ನೆರಿಗೆಯ ಬಗ್ಗೆಯೇ. ಮಾತೆಗೆ ಬೇರೆ ಕೆಲಸವಿರಲಿಲ್ಲವೆ ಎಂದು ಈಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಓಣಂ ರಜೆಗೆ ಕೆಲವೇ ದಿನ ಇರುವಾಗ ಜಗಲಿಯಲ್ಲಿ ಹೆಡ್‌ಮಿಸ್ಟ್ರೆಸ್ ಎದುರಾದರು. ಹಿಂದೆ ಆ ಹಿರಿಯ ಟೀಚರೂ ಸೇರಿ ನಾಲ್ಕೈದು ಟೀಚರುಗಳು. ಗಾಳಿ ಇತ್ತು. ನಾನು ಪುಸ್ತಕ ಒತ್ತಿ ಹಿಡಿದು ಗೋಡೆಗೆ ಸರಿದೆ. ಅವರು ನಿಂತು, ನನ್ನ ಸೀರೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ ಹೇಳಿದರು:

"ಟೀಚರೇ, ಈ ಕರ ಎವಿಡುನ್ನಾ? ನಲ್ಲ ಭಂಗಿಯುಂಡಲ್ಲೋ."

ಎವಿಡೆ ಎಂದರೆ ಎಲ್ಲಿ, ಅಷ್ಟು ನನಗೆ ಗೊತ್ತಿತ್ತು. ಈ ಕರೆ ಎಲ್ಲಿಂದ ಬಂತು, ನಿಂತ ಭಂಗಿಯೂ ಚೆನ್ನಾಗಿದೆ ಎಂದು ಅಣಕಿಸಿದಂತೆ ನನಗೆ ಕೇಳಿಸಿತು. ಕೆಲಸ ಹೋಯಿತು, ಇನ್ನು ಸುಳ್ಳು ಹೇಳಿ ಮಾನವನ್ನೂ ಕಳೆದುಕೊಳ್ಳುವುದು ಬೇಡ ಎನಿಸಿತು. ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ ನಾನೇ ಪಿನ್ನು ತೆಗೆದು ಎರಡನೆಯ ನೆರಿಗೆ ಬಿಡಿಸಿ ತೋರಿಸಿದೆ.

"ಬಾಳೆಕಾಯಿದ್ದು ಮೇಡಂ. ಎಷ್ಟು ತೊಳೆದ್ರೂ ಹೋಗುದಿಲ್ಲ. ನನ್ನ ಹತ್ತಿರ ಬೇರೆ ಒಳ್ಳೆ ಸೀರೆ ಇಲ್ಲ."

ಹೆಡ್‌ಮಿಸ್ಟ್ರೆಸ್ ಕರೆಯನ್ನು ನೋಡಿದರು, ನನ್ನನ್ನು ನೋಡಿದರು, ಹಿರಿಯ ಟೀಚರನ್ನು ನೋಡಿದರು. ಹಿರಿಯ ಟೀಚರ್ ತಗ್ಗಿದ ದನಿಯಲ್ಲಿ ನನಗೆ ಹೇಳಿದರು, "ಎಂತ ಮಾಡಿದ್ರಿ ನೀವು? ಅವರು ಹೇಳಿದ್ದು ಸೀರೆಯ ಅಂಚು ಚಂದ ಉಂಟು ಅಂತ. ಎಲ್ಲಿ ತಗೊಂಡದ್ದು ಅಂತ ಕೇಳಿದ್ದು, ಅಷ್ಟೇ."

ಮಲಯಾಳದಲ್ಲಿ ರಕಾರ ಎರಡು. ಮೆತ್ತಗಿನ ರಕಾರದ ಕರ ಎಂದರೆ ಅಂಚು, ಗಡುಸಾದದ್ದರ ಕರ ಎಂದರೆ ಕಲೆ. ಭಂಗಿ ಎಂದರೆ ಚಂದ. ನಮ್ಮ ಹಳಗನ್ನಡದಲ್ಲೂ ಆ ಗಡುಸು ರಕಾರ ಇತ್ತು, ಶಕಟರೇಫ ಎಂದು ಅದರ ಹೆಸರು. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿ ಅಂಕ ತೆಗೆದವಳು ನಾನು. ಬೇಕಾದ ಹೊತ್ತಿಗೆ ಕಿವಿಗೆ ಬೀಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಉಂಟಲ್ಲ, ನನ್ನ ಪಾಲಿಗೆ ಕುಂಬಳಕಾಯಿಯ ಸುದ್ದಿಯನ್ನೇ ಯಾರೂ ಎತ್ತಿರಲಿಲ್ಲ.

ರಜೆಯಿಡೀ ನಿದ್ದೆ ಇಲ್ಲದೆ ಕಳೆದೆ. ರಜೆ ಮುಗಿದ ಮೇಲೆ ನನ್ನನ್ನು ಇಟ್ಟುಕೊಂಡರು. ಹೆಡ್‌ಮಿಸ್ಟ್ರೆಸ್ ಆ ವಿಷಯ ಮತ್ತೆ ಎತ್ತಲೇ ಇಲ್ಲ. ಆದರೆ ನಾನು ಆ ಸೀರೆ ಉಟ್ಟ ದಿನಗಳಲ್ಲಿ ಸ್ಟಾಫ್ ರೂಮಿನ ಕಣ್ಣುಗಳು ಸೀದಾ ಎರಡನೆಯ ನೆರಿಗೆಗೆ ಬರುತ್ತಿದ್ದವು. ಬೇರೆ ಒಳ್ಳೆಯ ಸೀರೆ ಇಲ್ಲದ್ದರಿಂದ ಅದನ್ನು ಉಡುತ್ತಲೇ ಇದ್ದೆ.

ಮುಂದೆ ಬೇರೆ ಶಾಲೆಯಲ್ಲಿ ಕೆಲಸ ಕಾಯಂ ಆಯಿತು, ಕಪಾಟು ತುಂಬಿತು. ಈಚಿನ ಒಂದು ಜೂನಿನಲ್ಲಿ ನಮ್ಮಲ್ಲಿಗೆ ದಿನಗೂಲಿಯ ಹೊಸ ಟೀಚರ್ ಬಂದಳು. ಮೂರನೆಯ ದಿನ ಜಗಲಿಯಲ್ಲಿ ಎದುರಾದಾಗ ಹಸಿರು ಸೀರೆ ಉಟ್ಟಿದ್ದಳು. ಧೈರ್ಯ ಬರಲಿ ಎಂದು ನಿಂತು ಮಾತಾಡಿಸಿದೆ. "ಅಂಚು ಚಂದ ಉಂಟು ಟೀಚರೇ." ಅಂಚು ಎಂದು ಬಿಡಿಸಿಯೇ ಹೇಳಿದೆ.

ಅವಳು ಗೋಡೆಗೆ ಸರಿದಳು. ಕೈಯಲ್ಲಿದ್ದ ಪುಸ್ತಕ ಮೆಲ್ಲನೆ ಇಳಿದು ನೆರಿಗೆಗೆ ಅಡ್ಡ ನಿಂತಿತು. ಯಾರಿಗೆ ಹೆದರಿದಳೆಂದು ನಾನು ಹಿಂದೆ ತಿರುಗಿ ನೋಡಿದೆ. ಜಗಲಿಯಲ್ಲಿ ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.