ಕ್ಲೋಸ್ ಮಾಡಲು ಅಪ್ಪಣೆಯಿಲ್ಲ

ಕಂಪ್ಯೂಟರ್ ತೆವಳ್ತಾ ಐತೆ ಅಂತ ಹೊಳಲ್ಕೆರೆಯ ಒಂದು ಕಚೇರಿಯಿಂದ ಫೋನ್ ಬಂತು. ರಿಪೇರಿಯವನು ನಾನು, ಹೋದೆ. "ವೈರಸ್ಸೇ ಕಣ್ರಿ ಇದು" ಅಂತ ಗುಮಾಸ್ತರು ಆಗಲೇ ತೀರ್ಪು ಕೊಟ್ಟಾಗಿತ್ತು. ನೋಡಿದರೆ ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಎಪ್ಪತ್ತು ಅರ್ಜಿಗಳು ಒಟ್ಟಿಗೇ ತೆರೆದುಕೊಂಡು ಮೆಮೊರಿಯನ್ನೆಲ್ಲ ನುಂಗಿ ಕೂತಿದ್ದವು. ಪ್ರೊಸೆಸರ್ ಏದುಸಿರು ಬಿಡುತ್ತಿತ್ತು.

"ಇವನ್ನೆಲ್ಲ ಸೇವ್ ಮಾಡಿ ಕ್ಲೋಸ್ ಮಾಡ್ರಿ ಸಾರ್, ಸರಿಹೋಗ್ತೈತೆ" ಅಂದೆ.

"ಅದೆಂಗಾಗ್ತೈತ್ರಿ? ಸಾಹೇಬ್ರು ಸಹಿ ಹಾಕೋತನಕ ಅರ್ಜಿ ನನ್ನ ಕಣ್ಮುಂದೆನೇ ಇರ್ಬೇಕು. ನಾಳೆ ಸಿಗದಿದ್ರೆ ಉತ್ತರ ಕೊಡಾಕೆ ನೀವು ಬರ್ತೀರಾ?"

ಸಾಹೇಬರು ರಜೆಯಲ್ಲಿದ್ದರು. ಬೆಂಚಿನ ಮೇಲೆ ಚಿಕ್ಕಜಾಜೂರಿನ ಹೆಂಗಸೊಬ್ಬರು ಬೆಳಿಗ್ಗೆಯಿಂದ ಕಾಯುತ್ತಿದ್ದರು. ಮಗಳ ಹಾಸ್ಟೆಲ್ಲಿಗೆ ಬೇಕಾದ ಪ್ರಮಾಣಪತ್ರ ಮಂಜೂರಾಗಿತ್ತು, ಪ್ರಿಂಟ್ ತೆಗೆದರೆ ಮುಗಿಯಿತು.

"ಇವತ್ತೇ ಕಡೇ ದಿನ, ಏನಾರ ಮಾಡಪ್ಪ" ಅಂದರು ನನಗೆ.

ಗುಮಾಸ್ತರಿಗೂ ಕನಿಕರ ಬಂತು. "ಆಯ್ತು, ಕ್ಲೋಸ್ ಮಾಡಾಕೆ ಅನುಮತಿ ಕೇಳಿ ಸಾಹೇಬ್ರಿಗೆ ಪತ್ರ ಬರೀತೀನಿ" ಅಂದವರೇ ಅದೇ ಕಂಪ್ಯೂಟರಿನಲ್ಲಿ ಎರಡು ಬೆರಳಿನಿಂದ ಕುಟ್ಟತೊಡಗಿದರು. ಬರೆದು ಮುಗಿಸಿ, ಸಾಹೇಬರು ಬರುವತನಕ ಇರಲಿ ಅಂತ ಆ ಪತ್ರವನ್ನೂ ತೆರೆದೇ ಇಟ್ಟರು.

ಅದು ಎಪ್ಪತ್ತೊಂದನೆಯದು. ಕಂಪ್ಯೂಟರ್ ಕಲ್ಲಿನಂತೆ ನಿಂತುಬಿಟ್ಟಿತು. ಆ ಹೆಂಗಸು ನನ್ನ ಮುಖ ನೋಡಿದರು. ಗುಮಾಸ್ತರೂ ನೋಡಿದರು.

"ನಾನು ಹೇಳ್ಲಿಲ್ವೇನ್ರಿ, ವೈರಸ್ಸೇ ಅಂತ?"