ಬೋರಲು ಹಾಕಿದರೂ ಬೀಳದ ಮೊಸರು

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗೆಳತಿ ನೀರಿನಲ್ಲಿ ಮುಳುಗುವುದನ್ನು ಕಣ್ಣಾರೆ ಕಂಡಾಗ ದೇವರು ನನಗೆ ಆಮೇಲೆ ನೆನಪಾದ. ಮೊದಲು ನೆನಪಾದವರು ಮರುದಿನ ಊಟಕ್ಕೆ ಬರಲಿದ್ದ ಬೀಗರು. ನೀವು ಏನಾದರೂ ಅನ್ನಿ. ಆದರೆ ಕೊಲ್ಹಾರದ ಮೊಸರು ಒಮ್ಮೆ ತಿಂದು, ಆಮೇಲೆ ಅನ್ನಿ.

ಸಂಕ್ರಾಂತಿಯ ಗದ್ದಲ ಮುಗಿದ ಮೇಲೆ ನಾವು ಮೂವರು ಮುದುಕಿಯರು ಬಾಗೇವಾಡಿಯಿಂದ ಕೊಲ್ಹಾರಕ್ಕೆ ಹೋಗಿದ್ದೆವು. ನಾನು, ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ಖಾಜಾಬಿ, ಮತ್ತು ಕಾಶೀಬಾಯಿ. ಕಾಶಿಯ ತವರು ಕೊಲ್ಹಾರ. ಅವಳ ತಮ್ಮನ ಮನೆಯ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಹೊಡೆದೆವು. ಆ ಮೊಸರು ಗಟ್ಟಿಯಾಗಲು ಮಂತ್ರ ತಂತ್ರ ಏನೂ ಇಲ್ಲ. ಹೊಸ ಮಣ್ಣಿನ ಗಡಿಗೆ ಅದರ ನೀರನ್ನೆಲ್ಲ ತಾನೇ ಕುಡಿದುಬಿಡುತ್ತದೆ. ಮಾರುವವಳು ಗಡಿಗೆ ಬೋರಲು ಹಿಡಿದು ತೋರಿಸಿದಳು. ಒಂದು ಹನಿ ಬೀಳಲಿಲ್ಲ. ನಾನು ಇನ್ನೊಮ್ಮೆ ಹಿಡಿಸಿ ನೋಡಿದೆ. ಮೊಮ್ಮಗಳನ್ನು ಸೊಸೆ ಮಾಡಿಕೊಳ್ಳುವ ಮುದ್ದೇಬಿಹಾಳದ ಬೀಗರು ಊಟದಲ್ಲಿ ಕುಂದು ಹುಡುಕುವ ಜನ. ಕೊಲ್ಹಾರದ ಮೊಸರೇ ಬಡಿಸುತ್ತೇನೆಂದು ಮಾತು ಕೊಟ್ಟಿದ್ದೆ. ದೊಡ್ಡ ಗಡಿಗೆಯನ್ನೇ ತೆಗೆದುಕೊಂಡೆ.

ಬಿಸಿಲೇರಿದ ಮೇಲೆ ಹಿನ್ನೀರಿನ ದಂಡೆಗೆ ಬಂದೆವು. ಹಳೆಯ ಕೊಲ್ಹಾರ ಈ ನೀರಿನ ಕೆಳಗೇ ಇದೆ. ಅಣೆಕಟ್ಟು ತುಂಬಿದಾಗ ಮುಳುಗಿತು. ಕಾಶಿ ಕಚ್ಚೆ ಬಿಗಿದಳು. ಮೈ ಎಮ್ಮೆಯಂಥದ್ದು, ನೀರಿಗಿಳಿದರೆ ಮೀನು. ದೂರದಲ್ಲಿ ನೀರಿನ ಮೇಲೆ ಒಣಗಿದ ಬೇವಿನ ಬೊಡ್ಡೆಯೊಂದು ತಲೆ ಎತ್ತಿತ್ತು.

"ಅದರ ಬಾಜೂಕ ನಮ್ಮ ಮನಿ. ಮಾಳಗಿ ಮ್ಯಾಲ ನಿಂತು ದಮ್ ತಗೊಂಡು ಬರ್ತೇನಿ," ಎಂದಳು.

ಈ ವಯಸ್ಸಿನಲ್ಲಿ ಬೇಡವೆಂದು ಖಾಜಾಬಿ ಸೆರಗು ಜಗ್ಗಿದಳು.

"ತವರಿಗಿ ಹೋಗಾಕ ನಿನ್ನ ಕೇಳಬೇಕೇನ?" ಎಂದು ಕಾಶಿ ಹೊರಟೇಬಿಟ್ಟಳು.

ಚೆನ್ನಾಗಿಯೇ ಈಜಿದಳು. ಬೊಡ್ಡೆಯ ಆಚೆ ಬದಿಗೆ ಹೋಗಿ ನಿಲ್ಲಲು ಕಾಲು ಇಳಿಬಿಟ್ಟಳು. ತಲೆ ಕಾಣೆಯಾಯಿತು. ಮೇಲೆ ಬಂದಳು, ಸ್ವಲ್ಪ ಸರಿದು ಮತ್ತೆ ಕಾಲು ಇಟ್ಟಳು, ಮತ್ತೆ ಮುಳುಗಿದಳು. ಕತ್ತಲೆಯಲ್ಲಿ ಮೆಟ್ಟಿಲು ಹುಡುಕುವವರ ಹಾಗೆ ಹುಡುಕುತ್ತಿದ್ದಳು. ನನಗೆ ಆಗ ಹೊಳೆಯಿತು. ಮಾಳಿಗೆ ಅಲ್ಲಿ ಇರುವುದಾದರೂ ಹೇಗೆ? ಊರು ಬಿಡುವಾಗ ಇವಳ ಅಪ್ಪ, ತಮ್ಮ ಕೂಡಿ ತೊಲೆ, ಕಂಬ, ಕಲ್ಲು ಎಲ್ಲ ಬಿಚ್ಚಿ ಬಂಡಿಯಲ್ಲಿ ಹೊಸ ಊರಿಗೆ ಸಾಗಿಸಿದ್ದರು. ಆ ಬಂಡಿಯ ಮೇಲೆ ಇವಳೇ ಕುಳಿತು ಬಂದಿದ್ದಳಂತೆ. ಬೆಳಗ್ಗೆ ನಾವು ಬೆನ್ನು ಕೊಟ್ಟು ರೊಟ್ಟಿ ತಿಂದದ್ದು ಅದೇ ಕಂಬಕ್ಕೆ. ಕಾಶಿಗೆ ಇದೆಲ್ಲ ಗೊತ್ತಿತ್ತು. ಅವಳ ಕಾಲಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಕೈ ಎತ್ತಿದಳು. ಬೊಡ್ಡೆ ಪಾಚಿ ಹಿಡಿದು ಜಾರುತ್ತಿತ್ತು. ದಂಡೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಮೀನು ಹಿಡಿಯುವವರು ಎಲ್ಲೋ ಸೇತುವೆಯ ಕಡೆ. ಖಾಜಾಬಿ ಕೂಗಿ ಕೂಗಿ ಗಂಟಲು ಹರಿದುಕೊಂಡಳು. ಹಿಂದಿನ ಕಾಲದಲ್ಲಿ ಖಾಲಿ ಗಡಿಗೆ ಬೋರಲಾಗಿ ಎದೆಗಿಟ್ಟುಕೊಂಡು ಜನ ಹೊಳೆ ದಾಟುತ್ತಿದ್ದರು. ಗಡಿಗೆ ನನ್ನ ಕಾಲ ಬಳಿಯೇ ಇತ್ತು, ತುಂಬಿ. ಆ ಹೊತ್ತಿಗೇ ನೋಡಿ, ಬೀಗರು ನೆನಪಾದದ್ದು. ಒಂದು ಉಸಿರಿನಷ್ಟು ಹೊತ್ತು ಕೈ ಏಳಲಿಲ್ಲ.

ಆಮೇಲೆ ಗಡಿಗೆ ಬೋರಲು ಹಾಕಿದೆ. ಮೊಸರು ಬೀಳಲಿಲ್ಲ.

ಕುಲುಕಿದೆ, ತಳಕ್ಕೆ ಗುದ್ದಿದೆ. ಬೆಳಗ್ಗೆ ಮೆಚ್ಚಿ ತಂದ ಗುಣವೇ ಈಗ ಎದುರು ನಿಂತಿತ್ತು. ಕಲ್ಲಿಗೆ ಬಡಿದರೆ ಗಡಿಗೆ ಒಡೆಯುತ್ತದೆ. ಖಾಜಾಬಿ ಒಳಗೆ ಕೈ ಹಾಕಿ ಹೆಂಟೆ ಹೆಂಟೆಯಾಗಿ ಬಗೆದು ಎಸೆದಳು. ಅದೇನು ಗಡಿಗೆಯೋ, ಬಗೆದಷ್ಟೂ ಮೊಸರು. ಕಾಶಿಯ ಕೈ ಒಮ್ಮೆ ಕಂಡಿತು, ಆಮೇಲೆ ಕಾಣಲಿಲ್ಲ.

ನನ್ನ ತವರು ಝಳಕಿಯಲ್ಲಿ ನಮ್ಮಪ್ಪ ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿ ನನ್ನನ್ನು ಬಾವಿಗೆ ದಬ್ಬಿ ಈಜು ಕಲಿಸಿದ್ದ. ಮುಳುಗುವವರಿಗೆ ಕೈ ಕೊಡಬೇಡ, ವಸ್ತು ಕೊಡು ಎಂದಿದ್ದ. ನೀರಿಗಿಳಿದು ಎಷ್ಟೋ ವರ್ಷವಾಗಿತ್ತು. ಗಡಿಗೆ ಖಾಲಿಯಾದದ್ದೇ ಎದೆಗೆ ಬೋರಲು ಒತ್ತಿಕೊಂಡು ನೀರಿಗೆ ಬಿದ್ದು ಕಾಲು ಬಡಿದೆ. ಹತ್ತಿರ ಹೋದಾಗ ಕಾಶಿ ಬುಳಕ್ಕನೆ ಮೇಲೆ ಬಂದಳು. ಆ ಕಣ್ಣು ನನ್ನ ಗುರುತು ಹಿಡಿಯಲಿಲ್ಲ.

"ಗಡಿಗಿ ಹಿಡಿ. ನನ್ನ ಹಿಡೀಬ್ಯಾಡ," ಎಂದೆ.

ಹಿಡಿದಳು. ಒಂದೇ ಗಡಿಗೆಗೆ ಇಬ್ಬರು ಮುದುಕಿಯರು ಜೋತುಬಿದ್ದು ಕಾಲು ಬಡಿಯುತ್ತ ಬಂದೆವು. ಖಾಜಾಬಿ ಸೊಂಟದವರೆಗೆ ನೀರಿಗಿಳಿದು ಕಾಶಿಯ ತುರುಬಿಗೇ ಕೈ ಹಾಕಿ ಎಳೆದಳು.

ಕಾಶಿ ಕುಡಿದ ನೀರನ್ನೆಲ್ಲ ಕಾರಿದಳು. ಇಷ್ಟು ತಡ ಯಾಕೆ ಎಂದು ಕೇಳಿದಳು. ಸುಳ್ಳು ಹೇಳಲು ನನಗೆ ಬರುವುದಿಲ್ಲ. ಬೀಗರ ಸಂಗತಿ ಹೇಳಿಬಿಟ್ಟೆ. ಅವಳು ಕಲ್ಲಿನ ಮೇಲೆ ಬಿದ್ದಿದ್ದ ಹೆಂಟೆಯೊಂದನ್ನು ಬೆರಳಲ್ಲಿ ತೆಗೆದು ಬಾಯಿಗಿಟ್ಟು ಚಪ್ಪರಿಸಿದಳು.

"ಮಸರು ಚೊಲೋ ಐತಿ. ನಾ ಇದ್ರೂ ಹಿಂದ ಮುಂದ ನೋಡತಿದ್ದೆ."

ಮರುದಿನ ಬೀಗರಿಗೆ ಮನೆಯ ತೆಳು ಮೊಸರು ಬಡಿಸಿದೆ. ಬೀಗಿತ್ತಿ ಸುಮ್ಮನಿರುವವಳೇ? ಕೊಲ್ಹಾರದ ಮೊಸರು ಎಲ್ಲಿ ಹೋಯಿತ್ರೀ ಎಂದಳು. ಗೆಳತಿಗೆ ಬೇಕಾಯಿತು ಎಂದೆ.

"ಇಡೀ ಗಡಿಗಿ?"

"ಹೌದ್ರಿ. ಅಕಿ ತೂಕಕ್ಕ ಅಷ್ಟು ಬೇಕಾತು."

ಈಗಲೂ ಮೊಸರು ಕೊಳ್ಳುವಾಗ ಗಡಿಗೆ ಬೋರಲು ಹಿಡಿದು ತೋರಿಸುತ್ತಾರೆ. ಹನಿ ಬೀಳದಿದ್ದರೆ ಸುತ್ತ ನಿಂತವರು ತಲೆದೂಗುತ್ತಾರೆ. ನನಗೆ ಮಾತ್ರ ಒಂದು ಚೂರಾದರೂ ಬೀಳಬಾರದೇ ಎನಿಸುತ್ತದೆ.